ಕೆಮಿಸ್ಟ್ರಿ ಬಿಟ್ಟು ಕಲ್ಲು

ಜೋಗೇಶ್ವರಿ ಪೂರ್ವ, ಮುಂಬಯಿ
೧೪ ಜೂನ್ ೨೦೨೫, ಶನಿವಾರ

ಶಿವಿಯ ಅಪ್ಪನವರಿಗೆ, ಸುಂದ್ರವ್ವನ ನಮಸ್ಕಾರ.

ಹೇಗಿದ್ದೀರಿ? ಹೋದ ಸಲ ಫೋನಿನಲ್ಲಿ ಬಹಳ ಕೆಮ್ಮುತ್ತಿದ್ದಿರಿ. ಧೂಳಿನ ಕೆಮ್ಮೋ ಥಂಡಿಯ ಕೆಮ್ಮೋ ಅಂತ ಕೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಸುರಂಗದೊಳಗೆ ಕೆಲಸಕ್ಕೆ ಹೋಗಬೇಡಿ. ನಿಮ್ಮ ಆ ಹಿಮಾಚಲದ ಗುಡ್ಡದ ಮೇಲೆ ನೆಟ್‌ವರ್ಕ್ ಇಲ್ಲ, ಕೆಳಗಿನ ಬಜಾರಿಗೆ ಇಳಿದಾಗಷ್ಟೇ ಸಿಗುತ್ತೀರಿ, ಆಗಲೂ ಊಟ ಆಯ್ತಾ ಅನ್ನುವುದರೊಳಗೆ ಮಾತು ಮುಗಿಯುತ್ತದೆ. ರಜೆಗೆ ಬಂದಿದ್ದ ದಾನಪ್ಪ ನಾಳೆ ನಿಮ್ಮಲ್ಲಿಗೆ ವಾಪಸ್ ಹೊರಡುತ್ತಾನೆ ಅಂತ ತಿಳಿದು ಈ ಪತ್ರ ಬರೆಯಲು ಕೂತಿದ್ದೇನೆ. ಅವನ ಕೈಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಕಳಿಸುತ್ತೇನೆ. ಅವನಿಗೆ ಬೇರೆಯೇ ಗಂಟು ಕಟ್ಟಿದ್ದೇನೆ, ನಿಮ್ಮದರಲ್ಲಿ ಪಾಲು ಕೊಡಲು ಹೋಗಬೇಡಿ. ನನ್ನ ಮೊಣಕಾಲು ಹಾಗೇ ಇದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಈ ಸಲ ಮಳೆ ಬೇಗ ಬಂತು, ಚಾಳಿನ ಗಲ್ಲಿ ಆಗಲೇ ಕೆಸರಾಗಿದೆ. ಆದರೂ ರೊಟ್ಟಿಯ ಗಿರಾಕಿಗಳು ತಪ್ಪಿಲ್ಲ.

ಈಗ ಶಿವಿಯ ಸುದ್ದಿ. ಬಿ.ಎಸ್ಸಿ. ಮೊದಲ ವರ್ಷದಲ್ಲಿ ಅವಳಿಗೆ ಕೆಮಿಸ್ಟ್ರಿ, ಬಾಟನಿ, ಜಿಯಾಲಜಿ ಅಂತ ಮೂರು ವಿಷಯ ಇದ್ದವಲ್ಲ, ಎರಡನೆಯ ವರ್ಷಕ್ಕೆ ಅವುಗಳಲ್ಲಿ ಒಂದನ್ನು ಮೇಜರ್ ಅಂತ ಹಿಡಿಯಬೇಕು, ಒಂದನ್ನು ಮೈನರ್ ಅಂತ ಜೊತೆಗಿಟ್ಟುಕೊಳ್ಳಬೇಕು, ಉಳಿದದ್ದನ್ನು ಬಿಡಬೇಕು. ಡಿಗ್ರಿ ಬರುವುದು ಮೇಜರಿನ ಹೆಸರಿನಲ್ಲಿ. ಒಮ್ಮೆ ಹಿಡಿದ ಮೇಲೆ ಬದಲಿಸಲು ಬರುವುದಿಲ್ಲವಂತೆ. ಅವಳು ನಿಮ್ಮನ್ನು ಕೇಳಿದಾಗ ನೀವು "ನಿಮ್ಮವ್ವ ಹೆಂಗಂತಾಳ ಹಂಗ ಮಾಡವಾ" ಅಂದುಬಿಟ್ಟಿರಿ. ನಿಮಗೆ ಅದು ಹಗುರ ಮಾತು. ಪೂರ್ತಿ ಭಾರ ನನ್ನ ತಲೆಯ ಮೇಲೆ ಬಂತು.

ನಾನು ಕೆಮಿಸ್ಟ್ರಿ ಅಂತಲೇ ಅಂದುಕೊಂಡಿದ್ದೆ. ಪಕ್ಕದ ಖೋಲಿಯ ರುಕ್ಮಿಣಿಬಾಯಿಯ ತಂಗಿಯ ಮಗಳು ಅದನ್ನೇ ಓದಿ ಔಷಧದ ಕಂಪನಿಯ ಲ್ಯಾಬಿನಲ್ಲಿ ಇದ್ದಾಳೆ. ಬಿಳಿ ಕೋಟು, ಏಸಿ, ಹೋಗಿಬರಲು ಕಂಪನಿಯದೇ ಬಸ್ಸು. ರುಕ್ಮಿಣಿಬಾಯಿ ಶಿವಿಯನ್ನು ಕಂಡಾಗಲೆಲ್ಲ "ಕೆಮಿಸ್ಟ್ರೀಚ್ ಘೇ ಗಂ ಪೋರೀ", ಕೆಮಿಸ್ಟ್ರಿಯನ್ನೇ ತಗೋ ಹುಡುಗಿ ಅನ್ನುತ್ತಾಳೆ. ಶಿವಿ ಹೂಂ ಅನ್ನುತ್ತಿದ್ದಳು. ಅದನ್ನೇ ನಾನು ಒಪ್ಪಿಗೆ ಅಂತ ತಿಳಿದಿದ್ದೆ. ಒಂದು ದಿನ ನಾನು ಹಿಟ್ಟು ನಾದುತ್ತಿದ್ದಾಗ ಬಂದು ಕೂತು, "ಅವ್ವಾ, ನಾ ಜಿಯಾಲಜಿ ತಗೋತೀನಿ" ಅಂದಳು. ಅಂದರೇನು ಅಂತ ಕೇಳಿದೆ. "ಕಲ್ಲು, ಮಣ್ಣು, ಗುಡ್ಡ ಎಲ್ಲಾ ಹೆಂಗ ಆತು ಅಂತ ಓದೂದು" ಅಂದಳು. ಮೊದಲು ನಕ್ಕೆ. ಅವಳು ನಗಲಿಲ್ಲ. ಆಗ ನನಗೆ ಎಲ್ಲಿಂದ ಸಿಟ್ಟು ಬಂತೋ, "ನಿಮ್ಮಪ್ಪ ಕಲ್ಲು ಒಡದ, ನಾ ಖಡಿಕಲ್ಲು ಹೊತ್ತೆ. ಮುಂದಿಂದಾರ ನೆಳ್ಳಾಗ ಕುಂತು ಉಣ್ಣಲಿ ಅಂತ ನಿನ್ನ ಓದಿಸಿದರ, ನೀ ಮತ್ತ ಕಲ್ಲಿಗೇ ಹೊಂಟಿ?" ಅಂದೆ. ನಿಮಗೆ ಗೊತ್ತಲ್ಲ, ಅವಳು ಜಗಳ ಆಡುವುದಿಲ್ಲ, ಸಿಟ್ಟು ಬಂದರೆ ಕನ್ನಡ ಬಿಟ್ಟುಬಿಡುತ್ತಾಳೆ. ರೊಟ್ಟಿ ಹಾಕಲಾ ಅಂದರೆ "ನಹೀ ಚಾಹಿಯೇ", ಎಲ್ಲಿಗೆ ಅಂದರೆ "ಬಾಹರ್". ಆ ವಾರವೆಲ್ಲ ಮನೆಯಲ್ಲಿ ಹಿಂದಿಯೇ ನಡೆಯಿತು.

ಹುಡುಗಿ ತಾನಾಗಿ ದಾರಿಗೆ ಬರುವುದಿಲ್ಲ ಅಂತ ಕಂಡಿತು. ಕಾಲೇಜಿಗೇ ಹೋಗಿ ಟೀಚರಿಗೆ ಹೇಳಿ ಕೆಮಿಸ್ಟ್ರಿಗೆ ಹಾಕಿಸಿಬಿಡೋಣ ಅಂತ, ಶಿವಿಗೆ ತಿಳಿಸದೆ ಹೊರಟೆ. ಮದುವೆಗೆ ಉಡುವ ಇಳಕಲ್ ಸೀರೆ ಉಟ್ಟಿದ್ದೆ. ದಾದರಿನಲ್ಲಿ ಲೋಕಲ್ ಬದಲಿಸಿ ಸಯನ್‌ನಲ್ಲಿ ಇಳಿದು, ಕೇಳಿಕೊಂಡು ಹೋದೆ. ಜಿಯಾಲಜಿಯ ಸಾವಂತ ಮೇಡಂ ಅಂತ ಇದ್ದಾರೆ, ನನ್ನ ವಯಸ್ಸಿನವರೇ. ನಾನು ನನ್ನ ಮುರುಕು ಹಿಂದಿಯಲ್ಲಿ, ನಮ್ಮದು ಕೂಲಿಯವರ ಮನೆ, ಈ ಹುಡುಗಿಗೆ ಕಲ್ಲು ಬೇಡ, ನೀವೇ ಬುದ್ಧಿ ಹೇಳಿ ಅಂದೆ. ಅವರು ನನ್ನನ್ನು ಕೂರಿಸಿ ನೀರು ಕೊಟ್ಟರು. ಇದನ್ನು ಓದಿದವರಿಗೆ ನೌಕರಿ ಸಿಕ್ಕೇ ಸಿಗುತ್ತದೆಯಾ ಅಂತ ಕೇಳಿದೆ. ಗ್ಯಾರಂಟಿ ಕೊಡಲಾರೆ ಅಂದರು. ಕೆಲವರು ಮೆಟ್ರೋ ಕೆಲಸಕ್ಕೆ, ಕೆಲವರು ಅಣೆಕಟ್ಟು, ಬೋರ್‌ವೆಲ್ ಸರ್ವೆಗೆ ಹೋಗಿದ್ದಾರಂತೆ, ಕೆಲವರು ಏನೂ ಸಿಗದೆ ಟ್ಯೂಷನ್ ಹೇಳುತ್ತಿದ್ದಾರಂತೆ. ಬಿ.ಎಸ್ಸಿ. ಸಾಲುವುದಿಲ್ಲ, ಮುಂದೆ ಎಂ.ಎಸ್ಸಿ.ಯೂ ಮಾಡಬೇಕಂತೆ. ಮುಚ್ಚಿಡದೆ ಹೇಳಿದರು, ಅದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು. ಹೆಣ್ಣು ಹುಡುಗಿಯನ್ನು ಗುಡ್ಡ ಗವಿ ಅಂತ ಯಾರು ಬಿಡುತ್ತಾರೆ ಅಂದದ್ದಕ್ಕೆ, "ಮೈ ಗಯೀ ಥೀ ನಾ", ನಾನು ಹೋಗಿದ್ದೆನಲ್ಲ ಅಂದು ನಕ್ಕರು.

ಆಮೇಲೆ ಒಂದು ಯಂತ್ರದ ಕಣ್ಣಿನಲ್ಲಿ ನೋಡಿ ಅಂದರು. ಕಲ್ಲನ್ನು ಹಪ್ಪಳಕ್ಕಿಂತ ತೆಳ್ಳಗೆ ತೇಯ್ದು ಗಾಜಿಗೆ ಅಂಟಿಸಿದ್ದರು. ಒಳಗೆ ನೀಲಿ, ಹಳದಿ, ಗುಲಾಬಿ ಬಣ್ಣದ ಚೂರುಗಳು, ನಡುನಡುವೆ ಬೂದಿ ಬಣ್ಣದ ಕಡ್ಡಿಗಳು. ಇದು ಮುಂಬಯಿಯ ಕರಿ ಕಲ್ಲೇ ಅಂದರು. ಘಮೇಲಾ ಬುಟ್ಟಿ ತುಂಬಿ ತುಂಬಿ ನಾನು ಹೊತ್ತದ್ದೂ ಅದೇ ಕರಿ ಖಡಿ. ಚೆಂದ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಚೆಂದ ನೋಡಿಕೊಂಡು ಹೊಟ್ಟೆ ತುಂಬುತ್ತದೆಯಾ ಅಂತ ಮನಸ್ಸು ಅಲ್ಲೇ ನಿಂತಿತ್ತು.

ನನ್ನ ಮನಸ್ಸು ತಿರುಗಿದ್ದು ಅದರಿಂದಲ್ಲ. ಹೊರಡುವಾಗ ಪಕ್ಕದ ಕೋಣೆಯಿಂದ ಒಂದು ದನಿ ಕೇಳಿತು. ಇಂಗ್ಲಿಷಿನಲ್ಲಿ ಜೋರಾಗಿ, ತಡವರಿಸದೆ. ನೋಡಿದರೆ ನಮ್ಮ ಶಿವಿ. ಮೇಜಿನ ಮೇಲೆ ನಕ್ಷೆ ಹಾಸಿಕೊಂಡು ಇಬ್ಬರು ಹುಡುಗರೊಂದಿಗೆ ವಾದಕ್ಕೆ ನಿಂತಿದ್ದಳು. ಒಬ್ಬ ಏನೋ ಅಂದ, ಇವಳು ಅಲ್ಲ ಅಂದು ಪೆನ್ಸಿಲಿನಿಂದ ಗೆರೆ ಎಳೆದು ತೋರಿಸಿದಳು, ಅವನು ತಲೆ ಆಡಿಸಿದ. ಮನೆಗೆ ನಾಲ್ಕು ಜನ ಬಂದರೆ ಒಳಗೆ ಹೋಗಿ ಕೂರುವ ಹುಡುಗಿ ಇದು. ಇವಳಿಗೆ ಇಂಥ ದನಿ ಇದೆ ಅಂತ ಹೆತ್ತ ನನಗೇ ಗೊತ್ತಿರಲಿಲ್ಲ. ನನ್ನನ್ನು ಬಾಗಿಲಲ್ಲಿ ಕಂಡು ಅವಳ ಮುಖ ಸಣ್ಣದಾಯಿತು. ಬೈಯಲು ಬಂದೆ ಅಂದುಕೊಂಡಳು. ಅದು ಸುಳ್ಳೂ ಅಲ್ಲ.

ಇಬ್ಬರೂ ಜೊತೆಗೇ ವಾಪಸ್ ಬಂದೆವು. ದಾದರಿನಲ್ಲಿ ಲೇಡೀಸ್ ಡಬ್ಬಿಯಲ್ಲಿ ಹೇಗೋ ಜಾಗ ಸಿಕ್ಕಿತು. ಸಾಂತಾಕ್ರೂಜ್ ದಾಟುವ ತನಕ ಕಿಟಕಿಯ ಹೊರಗೆ ನೋಡುತ್ತಿದ್ದವಳು ಕೊನೆಗೆ ಕನ್ನಡದಲ್ಲೇ ಮಾತು ತೆಗೆದಳು. "ಅವ್ವಾ, ಕೆಮಿಸ್ಟ್ರಿ ಲ್ಯಾಬಿನ್ಯಾಗ ಎಲ್ಲಾ ಬಾಟ್ಲಿ ಮ್ಯಾಲೆ ಹೆಸರು ಬರದಿರ್ತಾರ. ಕಲ್ಲಿನ ಮ್ಯಾಲೆ ಯಾರೂ ಬರದಿರಂಗಿಲ್ಲ. ನಾವ ನೋಡಿ ಹೇಳಬೇಕು. ನನಗ ಅದು ಬರ್ತೈತಿ." ನನಗೆ ಅದು ಬರುತ್ತದೆ ಅಂತ ಅವಳು ಯಾವುದರ ಬಗ್ಗೆಯೂ ಅಂದದ್ದನ್ನು ನಾನು ಕೇಳಿಲ್ಲ. ಹಂಗಾದರ ಹಿಡಿ ಅಂದೆ. ಜಿಯಾಲಜಿ ಮೇಜರ್, ಕೆಮಿಸ್ಟ್ರಿ ಮೈನರ್. ಮೇಡಂ ಪ್ರಕಾರ ಎರಡೂ ಒಂದಕ್ಕೊಂದು ಹೊಂದುತ್ತವೆ. ಬಾಟನಿ ಬಿಟ್ಟಳು. ರುಕ್ಮಿಣಿಬಾಯಿ ಇನ್ನೂ ಅರ್ಧ ಮುನಿಸಿನಲ್ಲಿದ್ದಾಳೆ. ನನಗೂ ಹೆದರಿಕೆ ಪೂರ್ತಿ ಹೋಗಿಲ್ಲ. ನಿಮಗೆ ಸರಿ ಕಾಣದಿದ್ದರೆ ನನ್ನನ್ನು ಬೈಯಿರಿ, ಅವಳನ್ನಲ್ಲ.

ಹಂಚು ಕಾದಿದೆ, ಏಳುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣಿ. ಬಸವಣ್ಣ ನಿಮ್ಮನ್ನು ಕಾಯಲಿ. ಶಿವಿ ನಮಸ್ಕಾರ ತಿಳಿಸಿದ್ದಾಳೆ.

ನಿಮ್ಮ
ಸುಂದ್ರವ್ವ

ತಾ.ಕ.: ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ದಾನಪ್ಪ ಗಂಟು ಒಯ್ಯಲು ಬಂದವನು, ನಿಮ್ಮ ಸುರಂಗದ ಒಳತುದಿಯ ಗೋಡೆಯಿಂದ ನೀರು ಬರುತ್ತಿದೆ ಅಂದ. ಗುಡ್ಡದಲ್ಲಿ ನೀರು ಇದ್ದೇ ಇರುತ್ತದೆ ಅಂದುಕೊಂಡೆ ನಾನು. ಶಿವಿ, "ಕಾಕಾ, ತಿಳಿ ನೀರೋ, ರಾಡಿ ನೀರೋ?" ಅಂದಳು. "ಮದಲ ತಿಳಿ ಇತ್ತವಾ, ನಾ ಹೊರಡೂ ಮುಂದ ಕೆಂಪ ರಾಡಿ ಬರಾಕತ್ತಿತ್ತು. ಸೂಪರ್‌ವೈಸರ್ ಏನೂ ಆಗಂಗಿಲ್ಲ ಅಂತಾನ" ಅಂದ. ಹುಡುಗಿಯ ಮುಖ ಬಿಳಿಚಿತು. ರಾಡಿ ಬಂದರೆ ಗುಡ್ಡದ ಒಳಗಿನ ಮಣ್ಣು ಸಡಿಲಾಗಿ ಕೊಚ್ಚಿಕೊಂಡು ಬರುತ್ತಿದೆ ಅಂತ ಅರ್ಥವಂತೆ, ಗೋಡೆ ಒಮ್ಮೆಲೇ ಬೀಳಬಹುದಂತೆ. ಸಾವಂತ ಮೇಡಂಗೆ ಫೋನ್ ಮಾಡಿದಳು, ಅವರೂ ಅದನ್ನೇ ಹೇಳಿದರು. ನಿಮ್ಮ ಫೋನ್ ಹತ್ತಲಿಲ್ಲ. ದಾನಪ್ಪನ ಹತ್ತಿರ ಬಜಾರಿನ ಅಂಗಡಿಯವನ ನಂಬರ್ ಇತ್ತು, ಅವನು ಮೇಲೆ ಹೋಗುವ ಜೀಪಿನವನ ಕೈಯಲ್ಲಿ ಹೇಳಿ ಕಳಿಸಿದ. ಈಗಷ್ಟೇ ಅಂಗಡಿಯವನ ಫೋನ್ ತಿರುಗಿ ಬಂತು, ನೀವು ಹೊರಗೆ ಶೆಡ್ಡಿನಲ್ಲೇ ಇದ್ದೀರಂತೆ. ಜೀವ ಬಂತು. ಇಂಜಿನಿಯರ್ ಬಂದು ಆ ಗೋಡೆ ನೋಡುವ ತನಕ ನೀವೂ ಒಳಗೆ ಹೋಗಬೇಡಿ, ಜೊತೆಯವರನ್ನೂ ಹೋಗಲು ಬಿಡಬೇಡಿ. ಸೂಪರ್‌ವೈಸರ್ ಕೂಗಾಡಿದರೆ ಕೂಗಾಡಲಿ, ಕೆಲಸ ಹೋದರೆ ಹೋಗಲಿ, ಮನೆಗೆ ಬನ್ನಿ. ಹೆಂಡತಿ ಸುಮ್ಮನೆ ಅಂಜುತ್ತಾಳೆ ಅಂತ ನೀವು ಯಾವಾಗಲೂ ನಗುತ್ತೀರಿ. ಈ ಸಲ ಹೇಳುತ್ತಿರುವುದು ನಾನಲ್ಲ, ನಿಮ್ಮ ಮಗಳು.