ಐವತ್ತು ನಿಮಿಷದ ದಾರಿ

ದುಶಾಂಬೆ
೨೦ ಏಪ್ರಿಲ್ ೨೦೧೮, ಶುಕ್ರವಾರ

ಪ್ರೀತಿಯ ತಮ್ಮ ಇಲ್ಹೋಮ್‌ಗೆ,

ಅಕ್ಕ ಮಸ್ತೂರಾಳ ಸಲಾಮು. ನೀನೂ ಹೆಂಡತಿ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ಬರೆಯುವುದು ತಡವಾಯಿತು, ಬೇಸರ ಮಾಡಬೇಡ. ಫೋನಿನಲ್ಲೇ ಹೇಳೋಣವೆಂದು ಕಾದೆ, ನೀನು ಎತ್ತಲಿಲ್ಲ. ಪಕ್ಕದ ಮನೆಯ ಸಬೋಹತ್ ಅತ್ತೆಯ ಅಳಿಯ ಇವತ್ತಿನ ವಿಮಾನಕ್ಕೆ ನಿಮ್ಮ ತಾಷ್ಕೆಂಟಿಗೆ ಹೊರಟಿದ್ದಾನೆ, ಅವನ ಕೈಗೆ ಕೊಡುತ್ತಿದ್ದೇನೆ.

ಮುಖ್ಯವಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಮಂಗಳವಾರ ಬೆಳಿಗ್ಗೆ ಅಮ್ಮನಿಗೆ ಹೃದಯದ ಆಪರೇಷನ್. "ವಯಸ್ಸಾಗಿದೆ. ನೋಡಬೇಕಾದವರು ಮೊದಲೇ ಬಂದು ನೋಡಲಿ" ಎಂದರು ಡಾಕ್ಟರು. ಅಲ್ಲಿಂದ ಸೋಮವಾರ ಒಂದು ವಿಮಾನವಿದೆ. ಅದು ತಪ್ಪಿದರೆ ಶುಕ್ರವಾರವೇ.

ದೇಶಗಳು ಬೇರೆಯಾದ ಮೇಲೆ ಇಪ್ಪತ್ತೈದು ವರ್ಷ ಈ ಎರಡು ಊರುಗಳ ನಡುವೆ ವಿಮಾನವೇ ಇರಲಿಲ್ಲ. ಮುನ್ನೂರು ಕಿಲೋಮೀಟರ್ ದೂರಕ್ಕೆ, ಅಪ್ಪ ತೀರಿಹೋದಾಗ, ನೀನು ಅಲ್ಮಾಟಿಗೆ ಹಾರಿ, ಅಲ್ಲಿ ಕಾದು, ಮತ್ತೆ ಇತ್ತ ಹಾರಿ ಇಳಿಯುವ ಹೊತ್ತಿಗೆ ಮೂರನೇ ದಿನ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುವ ಜನ ನಾವು, ಕಾಯಲಾದೀತೇ? ಆದರೂ ದೊಡ್ಡಪ್ಪ ತುಂಬಿದ ಅಂಗಳದಲ್ಲಿ, "ಬಂದನಪ್ಪ ಮಗರಾಯ, ಮಣ್ಣು ಒಣಗಿದ್ಯಾ ಅಂತ ನೋಡೋಕೆ!" ಅಂದುಬಿಟ್ಟ. ನಿನ್ನ ಆ ಮುಖ ನಾನು ಮರೆತಿಲ್ಲ. ಅಷ್ಟು ಸಿಟ್ಟಿನಲ್ಲೂ ಹೊರಡುವಾಗ ನೀನು ಅಮ್ಮ ಹಿಡಿದ ರೊಟ್ಟಿಯಲ್ಲಿ ಒಂದು ತುತ್ತು ಕಚ್ಚಿದೆ. ಉಳಿದದ್ದನ್ನು ತಿರುಗಿ ಬಂದು ನೀನೇ ತಿನ್ನಬೇಕೆಂದು ಅಮ್ಮ ಗೋಡೆಗೆ ತೂಗುಹಾಕಿದಳು. ಎಂಟು ವರ್ಷವಾಯಿತು. ರೊಟ್ಟಿ ಕಲ್ಲಾಗಿದೆ, ನಿನ್ನ ಹಲ್ಲಿನ ಗುರುತು ಮಾತ್ರ ಹಾಗೇ ಇದೆ. ಹಾಗಂದ ದೊಡ್ಡಪ್ಪನೂ ಮಣ್ಣು ಸೇರಿದ. ಇನ್ನು ಸಿಟ್ಟು ಯಾರ ಮೇಲೆ?

ಹೋದ ವರ್ಷ ವಿಮಾನ ಶುರುವಾದಾಗ, "ಐವತ್ತೇ ನಿಮಿಷವಂತೆ ಕಣೇ! ಸಂತೆ ಬಸ್ಸಿಗೆ ಅದಕ್ಕಿಂತ ಹೆಚ್ಚು ಕಾಯ್ತೀನಿ" ಎಂದು ಅಮ್ಮ ಕುಣಿದಾಡಿದಳು. ವೀಸಾ ಸಿಗುತ್ತಿಲ್ಲ ಎಂದೆ ನೀನು. ಕಳೆದ ತಿಂಗಳು ವೀಸಾ ಬೇಕೆನ್ನುವುದೂ ಹೋಯಿತು. ಅಂದಿನಿಂದ ವಿಮಾನ ಬರುವ ದಿನವೆಲ್ಲ ಅಮ್ಮ ರೇಷ್ಮೆ ನಿಲುವಂಗಿ ತೊಟ್ಟು, ಮಾಂಸದ ಕಡುಬು ಬೇಯಿಸಿಟ್ಟು, ಬಾಗಿಲಲ್ಲಿ ಕೂರುತ್ತಾಳೆ. "ಅಲ್ಲಿ ಮಂಜು ಕವಿದಿತ್ತಂತಮ್ಮ, ವಿಮಾನ ಹೊರಡಲೇ ಇಲ್ವಂತೆ" ಎಂದು ನಾನು ಸುಳ್ಳು ಹೇಳುತ್ತೇನೆ.

ಹೋದ ಸೋಮವಾರ ಹಾಗೆಂದಾಗ ಸಬೋಹತ್ ಅತ್ತೆ ಗೋಡೆಯಾಚೆಯಿಂದ ಇಣುಕಿದಳು. "ಏನೇ ಮಸ್ತೂರಾ, ಮಂಜು ನಿಮ್ಮನೆ ವಿಮಾನಕ್ಕೆ ಮಾತ್ರ ಕವೀತದಾ? ನನ್ನ ಅಳಿಯ ಆಗ್ಲೇ ಬಂದು ಇಳಿದು, ಎರಡನೇ ತಟ್ಟೆ ಬಡಿಸು ಅಂತ ಕೂತವ್ನೆ!"

ಅಮ್ಮ ಎದ್ದು ಒಳಗೆ ಹೋಗಿ ನಿಲುವಂಗಿ ಬಿಚ್ಚಿ ಮಡಚಿಟ್ಟಳು.

ತಮ್ಮಾ, ಆಪರೇಷನ್ ಕೋಣೆಯ ಹೊರಗೆ ಒಬ್ಬಳೇ ಕೂರುವ ಧೈರ್ಯ ನನಗಿಲ್ಲ. ಬರುತ್ತೇನೆಂದು ಫೋನು ಮಾಡಬೇಡ, ಬಂದುಬಿಡು. ಮಕ್ಕಳ ತಲೆ ಸವರಿದೆನೆಂದು ಹೇಳು. ನಿನ್ನ ದಾರಿ ಬೆಳ್ಳಗಿರಲಿ, ಪ್ರಯಾಣ ಸುಖವಾಗಲಿ.

ನಿನ್ನ ಅಕ್ಕ
ಮಸ್ತೂರಾ

ಬರೆದಾದ ಮೇಲೆ: ಕಾಗದ ಮಡಚುತ್ತಿದ್ದಾಗ ಅಮ್ಮ ಬಂದಳು. ಗೋಡೆಯ ರೊಟ್ಟಿಯನ್ನು ಇಳಿಸಿ, ಬಟ್ಟೆಯಲ್ಲಿ ಸುತ್ತಿ, ಆಸ್ಪತ್ರೆಯ ಚೀಲಕ್ಕೆ ಹಾಕಿದಳು. "ತಮ್ಮನಿಗಾ? ಆಪರೇಷನ್ ವಿಷಯ ಬರೀಬೇಡ, ಹೆದರ್ಕೊಂಡಾನು" ಎಂದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು: "ಯಾರಾದ್ರೂ ಕೇಳಿದ್ರೆ, ಆ ವಿಮಾನ ಮತ್ತೆ ನಿಂತೋಯ್ತು ಅನ್ನು. ಇಲ್ಲದಿದ್ದಾಗ್ಲೇ ಚೆನ್ನಾಗಿತ್ತು ಕಣೇ. ಆಗ ನನ್ನ ಮಗನಿಗೆ ಬರೋಕೆ ಆಗ್ತಿರಲಿಲ್ಲ, ಅಷ್ಟೇ."