ಹನ್ನೊಂದು ಬೀಗದ ಕೈ

ಮನೆಯಿಂದ,
ಗುರುವಾರ, ಮಾರ್ಚ್ ೧೯, ಬೆಳಿಗ್ಗೆ

ಪ್ರೀತಿಯ ಚಿಕ್ಕೋನೆ,

ಹೇಗಿದ್ದೀಯ? ಹೊಗೆ ಕುಡಿದು ಹಿಡಿದ ಆ ಕೆಮ್ಮು ಬಿಟ್ಟಿತೋ ಇಲ್ಲವೋ? ಬಿಸಿನೀರು ಕುಡಿ, ತಣ್ಣಗಿನದನ್ನು ಮುಟ್ಟಬೇಡ. ಫೋನ್ ಮಾಡಿದರೆ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನೀನು ಬರೆದ ನಾಲ್ಕು ಸಾಲು ತಲುಪಿತು. ಕೆಲಸ ಸಿಕ್ಕಿದೆ, ಕೋಣೆ ಸಿಕ್ಕಿದೆ, ಚಿಂತೆ ಬೇಡ ಎಂದಿದ್ದೀಯ. ಯಾವ ಕೆಲಸ, ಯಾರ ಕೋಣೆ ಎಂದು ಮಾತ್ರ ಬರೆದಿಲ್ಲ. ಎಂದಿನಂತೆ ನಿನ್ನ ಎಡಗೈ ಮಸಿಯ ಮೇಲೆ ಹರಿದಾಡಿ ಅರ್ಧ ಅಕ್ಷರ ಅಳಿಸಿಹೋಗಿವೆ. ಇಪ್ಪತ್ತಾರು ವರ್ಷವಾದರೂ ಆ ಚಾಳಿ ಹೋಗಲಿಲ್ಲ.

ನಿಮ್ಮಪ್ಪ ಚೆನ್ನಾಗಿದ್ದಾರೆ. ಬೀದಿಯ ಗಂಡಸರೆಲ್ಲ ಈಗ ಸರದಿಯ ಮೇಲೆ ಕಾವಲು ಕಾಯುತ್ತಾರೆ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು. ಇವರೂ ಬಟ್ಟೆ ಅಳೆಯುವ ಮರದ ಕೋಲು ಹಿಡಿದುಕೊಂಡು ಹೊರಡುತ್ತಾರೆ. ಕಳ್ಳ ಸಿಕ್ಕಿದರೆ ಎದೆ ಸುತ್ತಳತೆ ತಗೋತೀರಾ ಎಂದು ಕೇಳಿದೆ. ಮೂರು ದಿನದಿಂದ ನನ್ನ ಜೊತೆ ಮಾತಿಲ್ಲ. ಒಳ್ಳೆಯದೇ ಆಯಿತು, ನನಗೂ ಮಾತು ಬೇಕಿಲ್ಲ. ಹೊಲಿಗೆ ಮಿಷನ್ ಮುಂದೆ ಕೂರುತ್ತೇನೆ, ಏಳುತ್ತೇನೆ. ಈ ಒಂದು ಕಾಗದಕ್ಕೇ ಮೂರು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದೆ. ಬೂದಿಯ ವಾಸನೆ ಪರದೆಗಳಿಂದ ಇನ್ನೂ ಹೋಗಿಲ್ಲ. ಎರಡು ಸಲ ಒಗೆದೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಬರೆದರೆ ನನಗೆ ಕ್ರಮವಾಗಿ ಕಾಣುತ್ತದೆ. ಗುಡ್ಡದ ಕಾಡಿನ ಬೆಂಕಿ ಮೇಲಿನ ಬೀದಿಯ ಬೆನ್ನಿಗೇ ಬಂದ ದಿನ ಅಲ್ಲಿಯವರನ್ನೆಲ್ಲ ಅರ್ಧ ಗಂಟೆಯಲ್ಲಿ ಶಾಲೆಗೆ ಸಾಗಿಸಿದರು. ನಾವು ಕೆಳಗಿನವರು, ದೊಡ್ಡ ರಸ್ತೆ ಅಡ್ಡ ಇದ್ದುದರಿಂದ ಉಳಿದುಕೊಂಡೆವು. ಹೋಗುವಾಗ ಹನ್ನೊಂದು ಮನೆಯವರು ಬೀಗದ ಕೈಯನ್ನು ನನ್ನ ಕೈಗೆ ಹಾಕಿದರು, ಬೆಂಕಿ ಆರಿಸುವವರು ಕೇಳಿದರೆ ಕೊಡಲು. ಬೇರೆ ಯಾರಿಗೂ ಕೊಡಲಿಲ್ಲ, ನನಗೇ ಕೊಟ್ಟರು. ಮೂವತ್ತು ವರ್ಷ ಅವರ ಬಟ್ಟೆ ಹೊಲಿದವಳು, ಒಂದು ತುಂಡನ್ನೂ ಕದ್ದಿಟ್ಟುಕೊಂಡವಳಲ್ಲ. ಯಾವುದು ಯಾರದೆಂದು ಹೆಸರು ಬರೆಯಲಿಲ್ಲ. ಅವರವರ ಬಟ್ಟೆಯ ಉಳಿದ ಚೂರನ್ನೇ ಒಂದೊಂದಕ್ಕೆ ಹೊಲಿದು ಮೊಳೆಗೆ ನೇತುಹಾಕಿದೆ. ಮೇಷ್ಟ್ರದು ನೀಲಿ ಗೀಟಿನದು, ನರ್ಸಮ್ಮನದು ಹಳದಿ ಹೂವಿನದು, ಲಾರಿ ಡ್ರೈವರದು ಕಂದು. ದಿನಕ್ಕೆ ಎರಡು ಸಲ ಎಣಿಸಿದೆ. ಪ್ರತಿ ಸಲವೂ ಹನ್ನೊಂದು.

ಆ ನಾಲ್ಕು ದಿನ ಈ ಬೀದಿಯನ್ನು ನೋಡಿ ನನಗೇ ಹೆಮ್ಮೆಯಾಗಿತ್ತು. ಬೇಕರಿಯವನು ಒಲೆ ಆರಿಸದೆ ಬ್ರೆಡ್ ಮಾಡಿ ಶಾಲೆಗೆ ಹೊತ್ತ. ನಾನು ಹದಿನೆಂಟು ಹೊದಿಕೆ ಹೊಲಿದೆ. ಐದನೆಯ ದಿನ ಬೆಳಿಗ್ಗೆ ನೀನು ಬಸ್ ಹತ್ತಿದೆ, ಮಧ್ಯಾಹ್ನ ಅವರು ವಾಪಸು ಬಂದು ಬೀಗದ ಕೈ ತೆಗೆದುಕೊಂಡು ಹೋದರು. ಎರಡು ಮನೆ ಪೂರಾ ಸುಟ್ಟಿದ್ದವು. ಮೂರು ಮನೆಯ ಕಪಾಟು ಖಾಲಿಯಾಗಿತ್ತು. ಮೇಷ್ಟ್ರ ಹೆಂಡತಿ ತೀರಿಹೋಗಿ ವರ್ಷವಾಗಿಲ್ಲ, ಆಕೆಯ ಕೈಗಡಿಯಾರ ಹೋಗಿದೆ. ನರ್ಸಮ್ಮನ ಓಲೆ, ಡ್ರೈವರನ ಕ್ಯಾಮೆರಾ ಹೋಗಿವೆ.

ವಿದ್ಯುತ್ ತಂತಿಯಿಂದ ಬೆಂಕಿ ಹತ್ತಿತು ಎಂದು ಅಧಿಕಾರಿಗಳು ಹೇಳಿದರು. ತಂತಿಯನ್ನು ಬೈದರೆ ಯಾರಿಗೆ ಸಮಾಧಾನ? ಕದಿಯುವುದಕ್ಕೆಂದೇ ಯಾರೋ ಬೆಂಕಿ ಇಟ್ಟರು ಎಂಬ ಮಾತು ಹುಟ್ಟಿತು, ಸಂಜೆಯ ಹೊತ್ತಿಗೆ ಅದಕ್ಕೆ ಕೈಕಾಲು ಬಂತು. ನಮ್ಮ ಅಂಗಡಿಯ ಮೆಟ್ಟಿಲ ಮುಂದೆ ಎಲ್ಲರೂ ಸೇರಿದರು. ಬೇಕರಿಯವನು, "ಬೀಗ ಒಡೆದಿಲ್ಲ, ಬಾಗಿಲು ಮುರಿದಿಲ್ಲ. ಕಳ್ಳ ಗಾಳೀಲಿ ಹೋದ್ನಾ ಅಕ್ಕಾ?" ಎಂದ. ನಗುತ್ತಲೇ ಕೇಳಿದ. ಆ ನಗುವನ್ನು ನನ್ನಿಂದ ಸಹಿಸಲಾಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ನನ್ನದಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದೆ: "ನನ್ನ ಮೊಳೆಯಿಂದ ಒಂದೂ ಕದಲಿಲ್ಲ. ಬೇಕಾದ್ರೆ ಆ ಗುಜರಿಯವನ್ನ ಹೋಗಿ ಕೇಳಿ. ಅವನ ಗಾಡೀಲಿ ಒಂದು ಡಬ್ಬ ತುಂಬ ಹಳೇ ಬೀಗದ ಕೈ ಇದೆ."

ಅಷ್ಟೇ ಹೇಳಿದ್ದು. ಉಳಿದದ್ದು ಅವರು ಮಾಡಿದರು. ನಮ್ಮ ಹಳೆಯ ಕತ್ತರಿಗಳನ್ನು ಕೊಳ್ಳುವ ಆ ಮುದುಕನ ಗಾಡಿಯನ್ನು ಚೌಕದವರೆಗೆ ಎಳೆದು ತಂದು ಸೀಮೆಎಣ್ಣೆ ಸುರಿದರು. ನಾಲ್ಕು ದಿನ ಬೆಂಕಿಗೆ ಹೆದರಿದ್ದ ಜನವೇ ಕಡ್ಡಿ ಗೀರಿತು. ಅವನು ಗಾಡಿಯ ಗಂಟೆಯೊಂದನ್ನು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ. "ಅಮ್ಮಾ, ನೀವಾದ್ರೂ ಹೇಳಿ" ಎಂದು ನನ್ನ ಕಡೆ ನೋಡಿದ. ನಾನು ಒಳಗೆ ಬಂದು ಮಿಷನ್ ತುಳಿದೆ.

ಭಾನುವಾರ ಹತ್ತು ಗಂಟೆಗೆ ಶಾಲೆಯಲ್ಲಿ ಸಭೆ. ಅವನ ಮೇಲೆ ದೂರು ಬರೆದಿದ್ದಾರೆ, ಬೆಂಕಿ ಇಟ್ಟದ್ದೂ ಕದ್ದದ್ದೂ ಅವನೇ ಎಂದು. ಬೀಗದ ಕೈಗಳು ನನ್ನ ಹತ್ತಿರ ಇದ್ದುದರಿಂದ ಮೊದಲ ಸಹಿ ನನ್ನದೇ ಆಗಬೇಕಂತೆ. ನನ್ನ ಸಹಿ ಬಿದ್ದರೆ ಅವನು ಜೈಲಿಗೆ ಹೋಗುತ್ತಾನೆ.

ಬಸ್ಸಿನ ಹೊತ್ತಾಯಿತು, ಬಸ್ ಡ್ರೈವರನ ಕೈಗೇ ಈ ಕಾಗದ ಕೊಡುತ್ತೇನೆ. ನಿಮ್ಮಪ್ಪ ನಿನ್ನನ್ನು ಕೇಳಿದರೆಂದು ತಿಳಿ, ಬಾಯಿಬಿಟ್ಟು ಹೇಳುವವರಲ್ಲ. ಆರೋಗ್ಯವಾಗಿರು, ನೂರು ಕಾಲ ಬಾಳು.

ನಿನ್ನ ಅಮ್ಮ

ಮತ್ತೆ: ಹೇಳಬೇಕಾದದ್ದು ಇದು. ನಿನ್ನೆ ಮೇಷ್ಟ್ರು ತಮ್ಮ ಬೀಗದ ಕೈ ತಂದರು. "ಈ ಬಟ್ಟೆ ಅವಳು ಆರಿಸಿದ್ದು, ಬೀಗದ ಕೈಲೇ ಇರ್ಲಿ ಅಂತ ಬಿಟ್ಟಿದೀನಿ. ಹೊಲಿಗೆ ಸಡಿಲ ಆಗಿದೆ, ಎರಡು ಎಳೆ ಹಾಕ್ಕೊಡಿ ತಾಯಿ" ಎಂದರು. ನನ್ನ ಹೊಲಿಗೆ ಸಡಿಲವಾಗುವುದಿಲ್ಲ. ತಿರುಗಿಸಿ ನೋಡಿದೆ. ಎಳೆಗಳು ಎಡಕ್ಕೆ ವಾಲಿವೆ. ಎಡಗೈಯಲ್ಲಿ ಸೂಜಿ ಹಿಡಿಯುವವನು ಈ ಊರಿನ ಹೊಲಿಗೆಯವರಲ್ಲಿ ಒಬ್ಬನೇ, ಅವನಿಗೆ ಕಲಿಸಿದವಳು ನಾನು. ಆಮೇಲೆ ಗುಂಡಿಯ ಡಬ್ಬ ಸುರಿದೆ. ನಮ್ಮ ಹಳೆಯ ಪೆಟ್ಟಿಗೆಗಳ ಮೂರು ಬೀಗದ ಕೈ ಇದ್ದವು, ಮೂರಕ್ಕೂ ದಾರದ ತುಂಡು ಅಂಟಿತ್ತು. ಅವರ ಬೀಗದ ಕೈ ಬಿಚ್ಚಿಕೊಂಡು ಹೋದಾಗ ನೀನು ಇವನ್ನು ಅದೇ ಚೂರುಗಳಿಗೆ ಹೊಲಿದು ನೇತುಹಾಕಿದ್ದೆ, ಬಂದ ಮೇಲೆ ಅವರದನ್ನೇ ಮತ್ತೆ ಹೊಲಿದಿಟ್ಟೆ. ನಾನು ಎಣಿಸಿದ್ದು ಬಟ್ಟೆಯ ಚೂರನ್ನು, ಬೀಗದ ಕೈಯನ್ನಲ್ಲ.

ಯಾಕೆ ಎಂದು ಈಗ ಕೇಳುವುದಿಲ್ಲ. ಶನಿವಾರದ ಬಸ್ಸಿಗೆ ಬಾ, ಗಡಿಯಾರ, ಓಲೆ, ಕ್ಯಾಮೆರಾ ಮೂರನ್ನೂ ತಾ. ಮಾರಿದ್ದರೆ ಯಾರಿಗೆ ಮಾರಿದೆ ಎಂಬುದನ್ನು ತಾ. ಬಂದರೆ ಸಭೆಯಲ್ಲಿ ನೀನೇ ಹೇಳು, ನಾನು ನಿನ್ನ ಪಕ್ಕದಲ್ಲಿ ನಿಂತಿರುತ್ತೇನೆ. ಬರದಿದ್ದರೆ ನಾನು ಹೇಳುತ್ತೇನೆ. ಆ ಮುದುಕನ ಮುಂದೆ ಮೊದಲು ನನ್ನ ತಪ್ಪು, ಆಮೇಲೆ ನಿನ್ನದು. ಮೇಷ್ಟ್ರಿಗೆ ಭಾನುವಾರ ಕೊಡ್ತೀನಿ ಎಂದಿದ್ದೇನೆ. ಅವರ ಬೀಗದ ಕೈ ಮಿಷನ್ ಮೇಲೆ ಹಾಗೇ ಇದೆ, ನಿನ್ನ ಎಳೆ ಬಿಚ್ಚಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬೇಡ, ಕೆಮ್ಮು ಜಾಸ್ತಿಯಾಗುತ್ತದೆ.