ಕ್ಯಾಮರಾ ಹಿಂದಿನ ದನಿ

ಟೀವಿಯವನಾದ ಮೊಮ್ಮಗನಿಗೆ,

ಲೇ ಮೂದೇವಿ, ಆ ಫೋನು ಕೆಳಗಿಟ್ಟು ಕೂತು ಓದು. ಸೈಕಲ್ ರಿಪೇರಿಯವನನ್ನು ಮಕ್ಕಳ ಕಳ್ಳನೆಂದು ಜನ ಕಬ್ಬಿಣದ ಸರಳಿನಲ್ಲಿ ಬಡಿದದ್ದನ್ನು ನಿಮ್ಮ ಚಾನೆಲ್ಲಿನಲ್ಲಿ ನೋಡಿದೆ. ದವಡೆ ಒಡೆದು ಅವನ ಹಲ್ಲು ರಸ್ತೆಗೆ ಬಿತ್ತು. ಆಗ ಕ್ಯಾಮರಾ ಹಿಂದಿನಿಂದ ಒಂದು ದನಿ ಬಂತು: "ಅಣ್ಣಾ, ಸ್ವಲ್ಪ ಪಕ್ಕಕ್ಕೆ ಬನ್ನಿ, ಅವನ ಮುಖ ಕಾಣ್ತಿಲ್ಲ." ಅವರು ಪಕ್ಕಕ್ಕೆ ಬಂದು ಮತ್ತೆ ಹೊಡೆದರು. ಆ ದನಿಗೆ ಮಾತು ಕಲಿಸಿದವಳು ನಾನು.

ಅವನು ಸತ್ತ. ಅವನ ಮುಖವನ್ನು ದಿನವಿಡೀ ತೋರಿಸಿದಿರಿ, ಕೊಂದವರ ಮುಖ ಮಾತ್ರ ಮಸುಕು ಮಾಡಿದಿರಿ. ಮಸುಕು ಮಾಡದ ವಿಡಿಯೊ ನಿನ್ನ ಹತ್ತಿರ ಇದೆಯಲ್ಲ, ಅದನ್ನು ಪೊಲೀಸರಿಗೆ ಕೊಡು. ನಿನ್ನ ದನಿಯನ್ನು ಕತ್ತರಿಸಬೇಡ. ಜೈಲಾದರೆ ಕಂಬಳಿ ನಾನೇ ತರುತ್ತೇನೆ.

ಕೊಟ್ಟೆನೆಂದು ಈ ತಿಂಗಳು ಮುಗಿಯುವ ಮೊದಲು ಬರೆ.

ನಿನ್ನನ್ನು ಸಾಕಿದ ಅಜ್ಜಿ